ಗಾಳಕ್ಕೂ ಪಂಚಾಂಗ ಬೇಕು

ಮುಂಬೈಗೆ ಬಂದ ಹೊಸದರಲ್ಲಿ ಸಮುದ್ರದ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿತ್ತು. ಹುಟ್ಟಿದ್ದು ಮರವಂತೆಯ ಹತ್ತಿರ. ಶಾಲೆ ಬಿಟ್ಟ ಮೇಲೆ ಕೈಗಾಳ ಹಿಡಿದು, ಅಲೆ ಒಡೆಯುವಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಕಾಣೆ ಹಿಡಿಯುತ್ತಿದ್ದವ ನಾನು. ಕಾಣೆ ಅಂದರೆ ಹೋಟೆಲ್ ಮೆನುವಿನ ಲೇಡಿ ಫಿಶ್. ಇಲ್ಲಿನ ಮರಾಠಿಯಲ್ಲಿ ಮುಡದುಶಿ. ಹಾಗಾಗಿ ಆಫೀಸಿನ ಧಾರವಾಡದ ಗೆಳೆಯ 'ನನಗೂ ಗಾಳ ಹಾಕೋದು ಕಲಸು' ಅಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ.

ನವೆಂಬರ್ ತಿಂಗಳ ಒಂದು ಭಾನುವಾರ, ಹುಣ್ಣಿಮೆ. ಬೆಳಿಗ್ಗೆ ಏಳಕ್ಕೆ ಮಢ್ ಕಡೆಯ ಒಂದು ದಂಡೆಗೆ ಹೋದೆವು. ನೀರು ದೂರ ಸರಿದಿತ್ತು. ಮರಳು ದಾಟಿ, ಒಣಗಿದ ತೋಡೊಂದನ್ನು ದಾಟಿ, ಬಂಡೆಯ ಮೇಲೆ ನಿಂತು ಗಾಳ ಬೀಸತೊಡಗಿದೆವು. ಒಂಬತ್ತರ ಹೊತ್ತಿಗೆ ಗೆಳೆಯ ಕೇಳಿದ: 'ಲೇ, ನಾವು ಬರೋವಾಗ ಹಿಂದ ನೀರಿತ್ತೇನಲೇ?'

ತಿರುಗಿ ನೋಡಿದರೆ ಒಣಗಿದ್ದ ತೋಡು ತುಂಬಿ ಹರಿಯುತ್ತಿತ್ತು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಕೋಳಿ ಹಿರಿಯರೊಬ್ಬರು ಕೂಗಿ, ಕೈಸನ್ನೆಯಲ್ಲಿ ದಾರಿ ತೋರಿಸಿದರು. ಒಬ್ಬರ ಕೈ ಒಬ್ಬರು ಹಿಡಿದು ಸೊಂಟದ ನೀರಲ್ಲಿ ದಡ ಸೇರಿದೆವು. ಗಾಳದ ಪೆಟ್ಟಿಗೆ ಬಂಡೆಯ ಮೇಲೆಯೇ ಉಳಿಯಿತು. ಅರ್ಧ ಗಂಟೆಯಲ್ಲಿ ಆ ಬಂಡೆಯೂ ಕಾಣಲಿಲ್ಲ. ನನ್ನ ಗೆಳೆಯನಿಗೆ ಈಜು ಬರುವುದಿಲ್ಲ. ನಾನು ಅದನ್ನು ಕೇಳಿಯೂ ಇರಲಿಲ್ಲ.

ಕಾಕಾ ಬೈಯಲಿಲ್ಲ. 'ಆಜ್ ತಿಥಿ ಕೋಣತೀ?' ಎಂದಷ್ಟೇ ಕೇಳಿದರು. ಆಮೇಲೆ ಲೆಕ್ಕ ಹೇಳಿಕೊಟ್ಟರು. ತಿಥಿಯನ್ನು ಮುಕ್ಕಾಲರಿಂದ ಗುಣಿಸಿ. ಬಂದ ಸಂಖ್ಯೆಯೇ ಭರತ ಪೂರ್ತಿ ಏರುವ ಗಂಟೆ. ಚೌತಿಗೆ ಮೂರು, ಅಷ್ಟಮಿಗೆ ಆರು, ಏಕಾದಶಿಗೆ ಎಂಟೂಕಾಲು, ಹುಣ್ಣಿಮೆ ಅಮಾವಾಸ್ಯೆಗೆ ಹನ್ನೊಂದೂಕಾಲು. ಶುಕ್ಲ, ಕೃಷ್ಣ ಎರಡು ಪಕ್ಷಕ್ಕೂ ಇದೇ ಲೆಕ್ಕ, ಹಗಲಿಗೊಮ್ಮೆ, ರಾತ್ರಿಗೊಮ್ಮೆ. ಅಲ್ಲಿಂದ ಸುಮಾರು ಆರು ಗಂಟೆಗೆ ಪೂರ್ತಿ ಇಳಿತ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಭರತವೂ ಅವನ ಹಿಂದೆಯೇ ತಡವಾಗುತ್ತದೆ. ಅದನ್ನೇ ಕೊಂಕಣದ ಬೆಸ್ತರು ಮುಕ್ಕಾಲು ಗಂಟೆ ಎಂದು ಸರಳ ಮಾಡಿಕೊಂಡಿದ್ದಾರೆ. ಅರ್ಧ ಗಂಟೆ ಆಚೀಚೆ ಆಗಬಹುದು. ಹೊರಡುವ ಮೊದಲು ಆ ದಿನದ ಭರತ-ಇಳಿತದ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮೂರಲ್ಲಿ ಈ ಲೆಕ್ಕವಿಲ್ಲದೆಯೂ ನಡೆಯುತ್ತಿತ್ತು. ಮಂಗಳೂರು, ಕುಂದಾಪುರದ ಕಡೆ ದೊಡ್ಡ ಭರತಕ್ಕೂ ಇಳಿತಕ್ಕೂ ಇರುವ ಅಂತರ ಸುಮಾರು ಒಂದೂವರೆ ಮೀಟರು. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಅದು ನಾಲ್ಕು ಮೀಟರನ್ನೂ ದಾಟುತ್ತದೆ. ಇಲ್ಲಿ ಕಡಲ ತಳ ಬಹಳ ದೂರದವರೆಗೆ ಆಳವಿಲ್ಲದೆ ಚಾಚಿದೆ, ಉತ್ತರಕ್ಕೆ ಖಂಭಾತ್ ಕೊಲ್ಲಿ ಲಾಳಿಕೆಯಂತೆ ಕಿರಿದಾಗುತ್ತದೆ. ನೀರು ಒತ್ತಿಕೊಂಡು ಮೇಲೇರುತ್ತದೆ. ಅದೂ ಒಂದೇ ವೇಗದಲ್ಲಲ್ಲ. ಇಳಿತವಾದ ಮೊದಲ ಗಂಟೆ ಏರುವುದೇ ಗೊತ್ತಾಗುವುದಿಲ್ಲ. ಮೂರನೇ, ನಾಲ್ಕನೇ ಗಂಟೆಯಲ್ಲಿ ಗಂಟೆಗೆ ಒಂದು ಮೀಟರಿನಷ್ಟು ಏರುತ್ತದೆ. ನಾವಿಬ್ಬರು ಬಂಡೆಯ ಮೇಲಿದ್ದದ್ದು ಸರಿಯಾಗಿ ಆ ಹೊತ್ತಿನಲ್ಲಿ.

ಮೊಗವೀರರು ಈ ಊರಿನಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದವರು. ಆ ಸಮಾಜದ ಹಿರಿಯರೊಬ್ಬರಿಗೆ ಅಂಧೇರಿಯಲ್ಲಿ ಈ ಕಥೆ ಹೇಳಿದಾಗ ಅವರು ನಕ್ಕು, 'ಊರಿನ ಕಡಲು ಗೊತ್ತುಂಟು ಅಂತ ಇಲ್ಲಿಯ ಕಡಲಿಗೆ ಇಳಿಯಬಾರದು ಮಾರಾಯ' ಅಂದರು.

ಆಮೇಲೆ ನಾವು ಗಾಳ ಬಿಡಲಿಲ್ಲ, ಕ್ರಮ ಬದಲಿಸಿದೆವು. ಮೊದಲ ಕೆಲಸ, ಇಳಿತದ ಹೊತ್ತಿನಲ್ಲಿ ಬರಿಗೈಲಿ ದಂಡೆ ಸುತ್ತುವುದು. ಮನೋರಿ, ಗೊರಾಯಿಯ ದಂಡೆಗಳು ದೂರದಿಂದ ಸಪಾಟಾಗಿ ಕಂಡರೂ ನಡೆದು ನೋಡಿದರೆ ಮರಳಿನ ದಿಬ್ಬಗಳು, ನಡುವೆ ತೋಡುಗಳು, ಹೊಂಡಗಳು ಕಾಣುತ್ತವೆ. ನೀರು ಏರುವಾಗ ಮೀನು ಬರುವುದು ಆ ತೋಡುಗಳ ದಾರಿಯಲ್ಲಿ. ಅಲೆ ದಿಬ್ಬದ ಮೇಲೆ ಒಡೆದು ಹುಳು, ಸಣ್ಣ ಸಿಗಡಿಗಳನ್ನು ತೋಡಿಗೆ ತಳ್ಳುತ್ತದೆ. ದೂರ ಎಸೆಯಬೇಕಾಗಿಯೇ ಇಲ್ಲ; ಎಷ್ಟೋ ಸಲ ಮೀನು ನಾವು ನಿಂತಲ್ಲಿಂದ ಹದಿನೈದು ಮಾರು ದೂರದಲ್ಲೇ ಇರುತ್ತದೆ.

ಅದಕ್ಕೆ ದೊಡ್ಡ ಸಾಮಾನು ಬೇಡ. ಎಂಟು ಅಡಿಯ ಹಗುರ ರಾಡ್, 2500 ಅಥವಾ 3000 ಸೈಜಿನ ರೀಲ್, 10ರಿಂದ 15 ಪೌಂಡಿನ ಬ್ರೇಡ್ ದಾರ, ತುದಿಗೆ ಒಂದು ಮಾರು ನೈಲಾನ್. ಕಾಣೆಯ ಬಾಯಿ ಸಣ್ಣದು. ಎರಡು ಇಂಚಿಗಿಂತ ಚಿಕ್ಕ ರಬ್ಬರ್ ಹುಳು, ಐದು ಗ್ರಾಮಿನೊಳಗಿನ ಸೀಸದ ತಲೆ, ಚಿಕ್ಕ ಗಾಳ ಸಾಕು. ಎಸೆದು ತಳ ಮುಟ್ಟಲು ಬಿಟ್ಟು, ನಿಧಾನ ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ಹುಳು ಮರಳಿನ ಮೇಲೆ ಸಣ್ಣ ಗೆರೆ ಎಳೆದುಕೊಂಡು ಬರಬೇಕು. ಹೆದರಿದರೆ ಮರಳಲ್ಲಿ ಹೂತುಕೊಳ್ಳುವ ಮೀನು ಇದು. ಧಡಬಡ ಹೆಜ್ಜೆ ಹಾಕಿದರೆ ಸಿಗುವುದಿಲ್ಲ.

ರಾವಸ್ ಬೇರೆ ತರದ್ದು. ಅದರ ಎದೆಯ ಬಳಿ ದಾರದಂಥ ನಾಲ್ಕು ನಾಲ್ಕು ಎಳೆಗಳಿವೆ, ಕದಡಿದ ನೀರಲ್ಲಿ ಅವುಗಳಿಂದಲೇ ತಡಕಾಡಿ ಬೇಟೆಯಾಡುತ್ತದೆ. ಸಿಗಡಿಯ ಹಿಂದೆ ಬಿದ್ದು ತೀರಾ ದಂಡೆಯವರೆಗೂ ಬರುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ಗ್ರಾಮಿನ ಹೊಳೆಯುವ ಲೋಹದ ಲೂರ್. ಇನ್ನೊಂದು ವಿಷಯ: ರಾವಸ್ ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ತೀರಾ ದೊಡ್ಡದು ಸಿಕ್ಕರೆ ಅದು ಮೊಟ್ಟೆಯ ತಾಯಿ. ಸಣ್ಣದನ್ನು ಬಿಡುವಂತೆ ಅದನ್ನೂ ನಾವು ಬಿಡುತ್ತೇವೆ.

ತಿಥಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಸೆಳೆತಕ್ಕೆ ಕೆಸರೆದ್ದು ನೀರು ಚಹಾದಂತಾಗುತ್ತದೆ, ಮೀನಿಗೆ ಲೂರ್ ಕಾಣುವುದಿಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ನೀರು ತಕ್ಕಮಟ್ಟಿಗೆ ತಿಳಿ. ಅಂದು ಭರತ ಆರಕ್ಕೆ. ಮಧ್ಯಾಹ್ನ ಮೂರೂವರೆಗೆ ನಿಂತರೆ ಏರುವ ನೀರು, ಇಳಿಯುವ ಬಿಸಿಲು ಎರಡೂ ಸಿಗುತ್ತವೆ. ಕತ್ತಲಾಗುವ ಮೊದಲು ಎದ್ದು ಬರಬೇಕು.

ಕೆಲವು ಎಚ್ಚರಿಕೆಗಳು. ಮಳೆಗಾಲದಲ್ಲಿ ಬೇಡವೇ ಬೇಡ. ಅಕ್ಸಾದಲ್ಲಿ ಮರಳು ಜಾಗ ಬದಲಿಸುತ್ತಿರುತ್ತದೆ, ಅಲ್ಲಿ ಎಷ್ಟೋ ಜನ ಜೀವ ಕಳೆದುಕೊಂಡಿದ್ದಾರೆ. ನೀರಿಗಿಳಿಯದೆ ದಂಡೆಯಿಂದಲೇ ಎಸೆಯಿರಿ. 2013ರಲ್ಲಿ ಗಿರಗಾಂವ್ ಚೌಪಾಟಿಯಲ್ಲಿ ಗಣೇಶ ವಿಸರ್ಜನೆಗೆ ಇಳಿದ ಹಲವರಿಗೆ ತೊರಕೆ ಮೀನು ಕುಟುಕಿತ್ತು. ಕಾಲು ಎತ್ತಿ ಇಡದೆ ಮರಳಲ್ಲಿ ಉಜ್ಜುತ್ತಾ ನಡೆದರೆ ಅದು ಸರಿದು ಹೋಗುತ್ತದೆ. ಕುಟುಕಿದರೆ ತಡೆಯಬಲ್ಲಷ್ಟು ಬಿಸಿನೀರಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೊರಡಿ. ಕೋಳಿಗಳ ಬಲೆ, ದೋಣಿಯ ಹತ್ತಿರ ಗಾಳ ಎಸೆಯಬೇಡಿ. ನಮಗೆ ಅದು ರಜೆಯ ಆಟ, ಅವರಿಗೆ ಅನ್ನ. ತುಂಡಾದ ದಾರ ಜೇಬಿನಲ್ಲಿ ಹಾಕಿಕೊಂಡು ಬನ್ನಿ.

ಗೆಳೆಯ ಮೀನು ತಿನ್ನುವುದಿಲ್ಲ. ಹಿಡಿದದ್ದನ್ನೆಲ್ಲ ನೀರಿಗೆ ಬಿಡುತ್ತಾನೆ, ಒಮ್ಮೊಮ್ಮೆ ನನ್ನ ಪಾಲಿನದನ್ನೂ. ಆ ಪ್ರಸಂಗದ ನಂತರ ಅವನು ಮಾಡಿದ ಮೊದಲ ಕೆಲಸ ಈಜು ಕಲಿತದ್ದು. ಪ್ರತಿ ಯುಗಾದಿಗೆ ಅವನ ಅವ್ವ ಊರಿಂದ ಪಂಚಾಂಗ ಕಳಿಸುತ್ತಾರೆ, ಏಕಾದಶಿ, ಸಂಕಷ್ಟಿ ತಪ್ಪಬಾರದೆಂದು. ಮೊದಲು ಅದು ಕಪಾಟಿನ ಮೇಲೆ ಬಿದ್ದಿರುತ್ತಿತ್ತು. ಈಗ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಮಗ ತಿಥಿ ನೋಡುತ್ತಾನೆಂದು ಅವ್ವನಿಗೆ ಬಹಳ ಸಂತೋಷ. ಯಾಕೆ ನೋಡುತ್ತಾನೆಂದು ನಾವಿನ್ನೂ ಹೇಳಿಲ್ಲ.

ನಿನ್ನೆ ರಾತ್ರಿ ಅವನ ಮೆಸೇಜು ಬಂತು: 'ಶನಿವಾರ ಅಷ್ಟಮಿ. ಮಾರ್ವೆ ಜೆಟ್ಟಿ, ಮೂರಕ್ಕ.'