ಕರೆಂಟ್ ಹೋದ ಸುದ್ದಿ ಹೇಳುವವರಾರು?

"ಲೈಟ್ ಬಂದದೇನ್ರಿ?"

ಭಾಲ್ಕಿ, ಔರಾದ ಕಡೆ ಬೋರ್‌ವೆಲ್ ಇರುವ ಯಾರ ಮನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳುತ್ತಿರುವುದು ಹೊಲದ ತ್ರೀ ಫೇಸ್ ಕರೆಂಟಿನ ಬಗ್ಗೆ. ಮೊದಲು ಮನೆಯ ಬಲ್ಬು ನೋಡಿದರೆ ಒಂದು ಅಂದಾಜು ಸಿಗುತ್ತಿತ್ತು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ ಆದ ಮೇಲೆ ಆ ಅಂದಾಜೂ ಹೋಯಿತು. ಮನೆಯಲ್ಲಿ ಟಿವಿ ನಡೆದಿರುತ್ತದೆ, ಹೊಲದಲ್ಲಿ ಮೋಟರ್ ಸುಮ್ಮನೆ ಕೂತಿರುತ್ತದೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಎಂಬುದು ಸರ್ಕಾರದ ಮಾತು. ಅದು ಹಗಲಿಗಿಷ್ಟು, ರಾತ್ರಿಗಿಷ್ಟು ಎಂದು ಹಂಚಿಹೋಗುತ್ತದೆ, ಪಾಳಿ ಬದಲಾಗುತ್ತದೆ, ನಡುವೆ ಟ್ರಿಪ್ ಆಗುತ್ತದೆ. ಹೀಗಾಗಿ ಕಬ್ಬಿಗೆ ನೀರು ಬಿಡಬೇಕಾದ ಮುತ್ಯಾ ರಾತ್ರಿ ಎರಡು ಗಂಟೆಗೆ ಕೈಯಲ್ಲಿ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯುತ್ತಾನೆ. ಹಾವು, ಹಂದಿ, ಕೆಸರು ಎಲ್ಲ ದಾಟಿ ಹೋಗಿ ನೋಡಿದರೆ ಕರೆಂಟ್ ಇಲ್ಲ. ಮರಳಿ ಮನೆ ಮುಟ್ಟುವುದರೊಳಗೆ ಬಂದಿರುತ್ತದೆ.

ಬೀದರ ಶಹರದ ಅಂಚಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದೊಳಗೆ ಸುರಂಗ, ನಡುನಡುವೆ ಗಾಳಿಬಾವಿ, ಇಳಿಜಾರು ಹಿಡಿದು ತಾನಾಗಿ ಹರಿಯುವ ನೀರು. ಅದನ್ನು ತೋಡಿದವರಿಗೆ ಸ್ಟಾರ್ಟರಿನ ಚಿಂತೆ ಇರಲಿಲ್ಲ. ನೂರಾರು ಅಡಿ ಆಳದಿಂದ ನೀರೆತ್ತುವ ನಮಗೆ ಇದೆ. ಆ ಚಿಂತೆಯಿಂದಲೇ ನಮ್ಮ ಹೊಲದ ತಗಡಿನ ಡಬ್ಬಿಯೊಳಗೆ ಒಂದು ಪುಟ್ಟ ಬ್ಯಾಟರಿ ಬಂದು ಕೂತಿತು. ಅದು ಬಂದ ದಾರಿ ನೇರವಾಗಿಲ್ಲ.

ಮೊದಲು ಮೋಟರ್ ಶುರುಮಾಡುವ ಈ ಸ್ಟಾರ್ಟರ್ ಡಬ್ಬಿಯ ಸ್ವಭಾವ ನೋಡೋಣ. ಹಸಿರು ಗುಂಡಿ ಒತ್ತಿದರೆ ಒಳಗೆ ಒಂದು ಕಾಯಿಲ್ ಅಯಸ್ಕಾಂತವಾಗಿ ಪಟ್ಟಿಗಳನ್ನು ಎಳೆದು ಹಿಡಿಯುತ್ತದೆ, ಮೋಟರಿಗೆ ಕರೆಂಟ್ ಹರಿಯುತ್ತದೆ. ಇದೇ ನೋ ವೋಲ್ಟ್ ಕಾಯಿಲ್. ಕರೆಂಟ್ ಹೋದ ಕ್ಷಣ ಅದರ ಹಿಡಿತ ಸಡಿಲಿ ಪಟ್ಟಿಗಳು ಬಿಟ್ಟುಕೊಳ್ಳುತ್ತವೆ. ಕರೆಂಟ್ ಮರಳಿ ಬಂದರೂ ಮೋಟರ್ ತಾನಾಗಿ ಏಳುವುದಿಲ್ಲ. ಮುತ್ಯಾನ ಕಣ್ಣಿಗೆ ಇದು ಕೊರತೆ. ಮಾಡಿದವರು ಬೇಕೆಂದೇ ಹೀಗೆ ಮಾಡಿದ್ದಾರೆ. ಕರೆಂಟ್ ಇಲ್ಲವೆಂದು ಯಾರೋ ಮೋಟರಿನ ವೈರಿಗೆ ಕೈ ಹಾಕಿರಬಹುದು, ಆಗ ಅದು ತಾನಾಗಿ ಶುರುವಾದರೆ ಜೀವ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ನೇರ ಸ್ಟಾರ್ಟರಿನ ಮೋಟರ್ ಏಳುವಾಗ ಮಾಮೂಲಿ ಓಟದ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲಿರುವ ಮೋಟರುಗಳೆಲ್ಲ ಒಂದೇ ಕ್ಷಣಕ್ಕೆ ಎದ್ದರೆ ಟಿ.ಸಿ. ತಡೆಯುವುದಿಲ್ಲ.

ರೈತರು ಇದಕ್ಕೆ ಕಂಡುಕೊಂಡ ಮೊದಲ ಮದ್ದು 'ಆಟೋ'. ಕರೆಂಟ್ ಬಂದೊಡನೆ ಹಸಿರು ಗುಂಡಿಯ ಕೆಲಸವನ್ನು ತಾನೇ ಮಾಡುವ ಒಂದು ಸಣ್ಣ ಸಾಧನ. ಅಗ್ಗ, ಸರಳ. ಎಲ್ಲರೂ ಹಾಕಿಸಿಕೊಂಡಾಗ ಆಗುವುದು ಆಗಿಯೇ ಆಯಿತು: ಟಿ.ಸಿ. ಸುಡುವುದು, ಬದಲಿ ಬರುವವರೆಗೆ ಬೆಳೆ ಬಾಡುವುದು. ನನ್ನ ಮಟ್ಟಿಗೆ ಆಟೋದ ದೋಷ ಅದರ ಅವಸರದಲ್ಲಿ ಇರಲಿಲ್ಲ. ಡಬ್ಬಿ ಏನನ್ನು ಮರೆಯಬೇಕು, ಏನನ್ನು ನೆನಪಿಡಬೇಕು ಎಂಬುದನ್ನು ಅದು ಗೊಂದಲ ಮಾಡಿಕೊಂಡಿತು. ಮೋಟರ್ ಓಡುತ್ತಿತ್ತು ಎಂಬುದನ್ನು ಡಬ್ಬಿ ಮರೆಯುವುದೇ ಲೇಸು. ಕರೆಂಟ್ ಯಾವಾಗ ಹೋಯಿತು, ಎಷ್ಟು ತಾಸು ನೀರು ಹರಿಯಿತು, ಈಗ ವೇಳೆ ಎಷ್ಟು, ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬುದನ್ನೆಲ್ಲ ಅದು ನೆನಪಿಡಬೇಕು. ಆಟೋ ಮೊದಲನೆಯದನ್ನು ನೆನಪಿಟ್ಟಿತು, ಉಳಿದದ್ದೆಲ್ಲ ಅದಕ್ಕೆ ಗೊತ್ತೇ ಇರಲಿಲ್ಲ.

ಮುಂದಿನ ಹೆಜ್ಜೆ ಪುಣೆಯಲ್ಲಿ ಬಿತ್ತು. ಅಲ್ಲಿನ ಎಂಜಿನಿಯರ್ ಸಂತೋಷ ಓಸ್ತವಾಲ್ ಅವರಿಗೂ ಒಬ್ಬ ಮುತ್ಯಾ ಇದ್ದರು. 80 ದಾಟಿದ ವಯಸ್ಸಿನಲ್ಲಿ ಪಂಪ್ ಶುರುಮಾಡಲು ರಾತ್ರಿ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಅಜ್ಜನನ್ನು ನೋಡಿದ್ದೇ ತಮ್ಮ ಕೆಲಸಕ್ಕೆ ಮೂಲ ಎಂದು ಅವರು ಹೇಳಿಕೊಂಡಿದ್ದಾರೆ. ದೂರದಿಂದ ಪಂಪ್ ನಡೆಸುವ ಬಗೆಗಳನ್ನು ವರ್ಷಗಟ್ಟಲೆ ಹುಡುಕಿದ ಅವರಿಗೆ ಕೊನೆಗೆ ಕೈಗೆ ಬಂದದ್ದು ಮೊಬೈಲ್. ಡಬ್ಬಿಯ ಪಕ್ಕ ಒಂದು ಸಾದಾ ಮೊಬೈಲ್ ಕೂಡಿಸಿ, ಮನೆಯಿಂದ ಆ ನಂಬರಿಗೆ ಫೋನ್ ಮಾಡಿ ಅಂಕಿ ಒತ್ತಿದರೆ ಮೋಟರ್ ಏಳುವಂತೆ ಮಾಡಿದರು. ಅದೇ 'ನ್ಯಾನೋ ಗಣೇಶ'. 2009ರಲ್ಲಿ ನೋಕಿಯಾ ನಡೆಸಿದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಬೆಂಗಳೂರಿನ ವಿನ್‌ಫಿನೆಟ್ ಸಂಸ್ಥೆ 'ಕಿಸಾನ್‌ರಾಜ' ಎಂಬ ಹೆಸರಿನಲ್ಲಿ ಇದೇ ಹಾದಿಯ ಸಾಧನ ತಂದಿತು, ಅದು ರೈತನ ಭಾಷೆಯಲ್ಲೇ ಮಾತಾಡುತ್ತಿತ್ತು.

ನ್ಯಾನೋ ಗಣೇಶದ ಕತೆ ಹೇಳುವವರು ಅಜ್ಜನ ಬಗ್ಗೆ, ಬಹುಮಾನದ ಬಗ್ಗೆ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಆ ಡಬ್ಬಿಯ ಪಕ್ಕ ಕೂತದ್ದು ಮೊಬೈಲ್ ಆದ್ದರಿಂದ, ಅದರ ಬೆನ್ನಿಗೆ ಅದರದೇ ಬ್ಯಾಟರಿ ಇತ್ತು. ಹೊಲದಲ್ಲಿ ಕರೆಂಟ್ ಹೋದರೂ ಫೋನ್ ಸಾಯುತ್ತಿರಲಿಲ್ಲ. ರೈತ ಫೋನ್ ಮಾಡಿ ಬರುವ ಸದ್ದಿನಿಂದಲೇ ಅಲ್ಲಿ ಕರೆಂಟ್ ಉಂಟೋ ಇಲ್ಲವೋ ತಿಳಿಯಬಹುದಿತ್ತು. ಕರೆಂಟ್ ಇಲ್ಲ ಎಂಬ ಸುದ್ದಿ ಹೇಳಲಿಕ್ಕೂ ಎಲ್ಲಿಂದಲೋ ಕರೆಂಟ್ ಬೇಕಲ್ಲ! ಆ ಗಂಟು ಮೊಬೈಲಿನ ಬ್ಯಾಟರಿಯಿಂದ ತಾನಾಗಿ ಬಿಚ್ಚಿಕೊಂಡಿತ್ತು.

ತಾನಾಗಿ ಬಂದದ್ದರ ಬೆಲೆ ಅದು ಹೋದಾಗ ತಿಳಿಯುತ್ತದೆ. ಮುಂದೆ ಪೂರ್ತಿ ಫೋನಿನ ಬದಲು ಅದರ ಮಿದುಳಷ್ಟೇ ಇರುವ ಜಿಎಸ್‌ಎಂ ಮಾಡ್ಯೂಲ್ ಅಗ್ಗವಾಗಿ ಸಿಗತೊಡಗಿತು. ಬೋರ್ಡಿಗೆ ಅದನ್ನು ಬೆಸೆದು, ಸಿಮ್ ಹಾಕಿ, ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಕೊಟ್ಟ 'ಮೊಬೈಲ್ ಸ್ಟಾರ್ಟರ್'ಗಳು ಮಾರುಕಟ್ಟೆಗೆ ಬಂದವು. ಬ್ಯಾಟರಿ ಇಲ್ಲದ ಅಗ್ಗದ ಡಬ್ಬಿಗೆ ಕರೆಂಟ್ ಇಲ್ಲದಾಗ ಫೋನ್ ಮಾಡಿದರೆ 'ನೀವು ಕರೆ ಮಾಡಿದ ಚಂದಾದಾರರು' ಎಂದು ಶುರುವಾಗುವ ಹೆಣ್ಣುದನಿ. ಕರೆಂಟ್ ಹೋಗಿದೆಯೋ, ಸಿಗ್ನಲ್ ಇಲ್ಲವೋ, ಡಬ್ಬಿಯೇ ಸುಟ್ಟಿದೆಯೋ ತಿಳಿಯದು. ಮುತ್ಯಾ ಮತ್ತೆ ಬದುವಿನ ದಾರಿ ಹಿಡಿಯಬೇಕು.

ಕರೆಂಟ್ ಇದ್ದಾಗಲೂ ಒಂದು ಕಾಟವಿತ್ತು. ಜಿಎಸ್‌ಎಂ ಮಾಡ್ಯೂಲ್ ಸುಮ್ಮನಿದ್ದಾಗ 20 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಟವರಿನೊಡನೆ ಮಾತಾಡುವಾಗ ಮಾತ್ರ ಕ್ಷಣಕ್ಷಣಕ್ಕೆ 2 ಆಂಪ್‌ವರೆಗೆ ಜಗ್ಗುತ್ತದೆ. ಸೋತ ಅಡಾಪ್ಟರ್ ಇದ್ದರೆ ಆ ಜಗ್ಗಿಗೆ ವೋಲ್ಟೇಜ್ ಕುಸಿದು ಮಾಡ್ಯೂಲ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಉತ್ತರ ಕೊಡಬೇಕಾದ ಹೊತ್ತಿಗೆ ಸರಿಯಾಗಿ. ಮಾಡ್ಯೂಲ್ ಬೇಡುವ ವೋಲ್ಟೇಜ್ ಸುಮಾರು 3.4ರಿಂದ 4.4. ಲಿಥಿಯಂ ಸೆಲ್ ಮಾಮೂಲಿಗೆ 3.7, ತುಂಬಿದಾಗ 4.2. ಇದು ಕಾಕತಾಳೀಯವಲ್ಲ, ಮಾಡ್ಯೂಲ್ ಹುಟ್ಟಿದ್ದೇ ಮೊಬೈಲಿನ ಹೊಟ್ಟೆಯಿಂದ. ಪಕ್ಕದಲ್ಲಿ ಒಂದು ಸೆಲ್ ಇಟ್ಟರೆ 2 ಆಂಪಿನ ಜಗ್ಗನ್ನು ಅದೇ ತಾಳಿಕೊಳ್ಳುತ್ತದೆ. ಹೀಗೆ ಕರೆಂಟ್ ಇಲ್ಲದಾಗಿನ ಮಾತಿಗೆಂದು ಬಂದ ಬ್ಯಾಟರಿ ಕರೆಂಟ್ ಇದ್ದಾಗಿನ ಮಾತನ್ನೂ ನೆಟ್ಟಗಾಗಿಸಿತು.

'ಬ್ಯಾಟರಿ ಹಾಕಿದರೆ ಮೋಟರೂ ಓಡುತ್ತದೇನ್ರಿ?' ಎಂಬ ಆಸೆ ಸಹಜ. ಲೆಕ್ಕ ಹಾಕಿ. 5 ಎಚ್‌ಪಿ ಮೋಟರ್ ಎಂದರೆ 3.7 ಕಿಲೋವಾಟ್. ಯುಪಿಎಸ್‌ನಲ್ಲಿರುವ 12 ವೋಲ್ಟಿನ 7 ಆಂಪ್-ತಾಸಿನ ಬ್ಯಾಟರಿಯಲ್ಲಿ ಇರುವುದು 84 ವಾಟ್-ತಾಸು. ಒಂದು ಹನಿ ನಷ್ಟವಿಲ್ಲವೆಂದರೂ ಮೋಟರ್ ಓಡುವುದು 80 ಸೆಕೆಂಡಿನಷ್ಟು, ನೀರು ಪೈಪಿನ ಬಾಯಿಗೆ ಬರುವಷ್ಟರಲ್ಲಿ ಮುಗಿಯಿತು. ಅದೇ 2000 ಮಿಲಿಆಂಪ್-ತಾಸಿನ ಒಂದು ಮೊಬೈಲ್ ಸೆಲ್, 20 ಮಿಲಿಆಂಪ್ ಬೇಡುವ ಮಿದುಳನ್ನು 100 ತಾಸು ಎಚ್ಚರವಾಗಿಡುತ್ತದೆ. ಬ್ಯಾಟರಿಯ ವೈರು ಮಿದುಳಿಗೆ ಮಾತ್ರ ಹೋಗಬೇಕು, ಮೋಟರಿಗೆ ಹೋಗಕೂಡದು ಎಂಬ ನಿಯಮ ಈ ಲೆಕ್ಕದಿಂದಲೇ ಬರುತ್ತದೆ.

ವೇಳೆ ನೆನಪಿಡುವುದು ಇನ್ನೂ ಅಗ್ಗದ ಕೆಲಸ. ಇದನ್ನು ಕಂಪ್ಯೂಟರ್ ಮಾಡಿದವರು ನಮಗಿಂತ ಮೊದಲು ಕಲಿತಿದ್ದರು. 1981ರ ಐಬಿಎಂ ಪಿಸಿ ಶುರುಮಾಡಿದಾಗಲೆಲ್ಲ ಇವತ್ತು ತಾರೀಖು ಎಷ್ಟು ಎಂದು ಕೇಳುತ್ತಿತ್ತು. 1984ರ ಪಿಸಿ ಎಟಿ ಕೇಳುವುದನ್ನು ಬಿಟ್ಟಿತು. ಒಳಗೆ ಮೋಟೊರೋಲಾದ ಒಂದು ಗಡಿಯಾರದ ಚಿಪ್, ಅದಕ್ಕೊಂದು ಬ್ಯಾಟರಿ. ಇಂಥ ಚಿಪ್ಪಿನ ಜೊತೆಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಇರುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಸೆಕೆಂಡು ಸಿಗುತ್ತದೆ. ಈಗ ಎಲ್ಲೆಡೆ ಸಿಗುವ ಡಿಎಸ್1307 ಚಿಪ್ ಬ್ಯಾಟರಿಯ ಮೇಲೆ ಇರುವಾಗ ತಿನ್ನುವುದು 500 ನ್ಯಾನೋಆಂಪಿಗಿಂತ ಕಡಿಮೆ. 48 ಮಿಲಿಆಂಪ್-ತಾಸಿನ ಬಟನ್ ಸೆಲ್ಲಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ನಡೆಯುತ್ತದೆ ಎಂದು ತಯಾರಕರ ಹಾಳೆಯಲ್ಲಿ ಬರೆದಿದೆ. ಆದರೆ ಅದೇ ಸಾಲಿನಲ್ಲಿ '25 ಡಿಗ್ರಿ ಸೆಲ್ಸಿಯಸ್‌ನಲ್ಲಿ' ಎಂದೂ ಇದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಇದೇ ಸಮಸ್ಯೆಯನ್ನು ಬೇರೊಂದು ಹವೆಯಲ್ಲಿ ಎದುರಿಸಿದವರು ಯುರೋಪಿನಲ್ಲಿ ಕಾರಿನ ಹಿಂದೆ ಕಾರವಾನ್ ಎಳೆದುಕೊಂಡು ತಿರುಗುವವರು. ಆ ಗಾಡಿಮನೆಯೊಳಗೆ ಗ್ಯಾಸಿನ ಹೀಟರ್, ಅದನ್ನು ನಡೆಸಲು ಗೋಡೆಯ ಮೇಲೊಂದು ಪ್ಯಾನೆಲ್. ಬೆಳಗಿನ ಜಾವ ಐದಕ್ಕೆ ಬೆಚ್ಚಗಾಗಲಿ ಎಂದು ಅದರಲ್ಲಿ ವೇಳೆ ಕೂಡಿಸಿರುತ್ತಾರೆ. ಗಾಡಿಯ 12 ವೋಲ್ಟಿನ ಸ್ವಿಚ್ ತೆಗೆದರೆ ಕೆಲವು ಪ್ಯಾನೆಲ್ಲಿನ ಗಡಿಯಾರ ಸೊನ್ನೆಗೆ ಬರುತ್ತದೆ. ಪ್ಯಾನೆಲ್ಲಿಗಷ್ಟೇ ಒಂದು ಪುಟ್ಟ ಬ್ಯಾಟರಿ ಜೋಡಿಸುವುದು ಅವರ ಮದ್ದು. ಜೋಡಣೆಯ ಗುಟ್ಟು ಎರಡು ಡಯೋಡ್. ಒಂದು ಪುಟ್ಟ ಬ್ಯಾಟರಿಯ ದಾರಿಯಲ್ಲಿ, ಗಾಡಿಯ ದೊಡ್ಡ ಬ್ಯಾಟರಿ ಅದಕ್ಕೆ ಹಿಮ್ಮುಖವಾಗಿ ನುಗ್ಗದಿರಲಿ ಎಂದು. ಇನ್ನೊಂದು ಮುಖ್ಯ ದಾರಿಯಲ್ಲಿ, ಪುಟ್ಟ ಬ್ಯಾಟರಿ ಇಡೀ ಗಾಡಿಯ ಪಂಪು, ದೀಪಗಳಿಗೆ ಕರೆಂಟ್ ಹಂಚಲು ಹೋಗದಿರಲಿ ಎಂದು. ಎರಡನೆಯದನ್ನು ಬಿಟ್ಟರೆ ಬ್ಯಾಟರಿ ಹಾಕಿಯೂ ಹಾಕದಂತೆಯೇ, ನೋಡನೋಡುತ್ತ ಬರಿದಾಗುತ್ತದೆ. ಡಯೋಡ್ ತನ್ನ ಪಾಲು ತಿನ್ನದೆ ಬಿಡುವುದಿಲ್ಲ: ಸಾದಾ ಸಿಲಿಕಾನಿನದಾದರೆ 0.6ರಿಂದ 0.7 ವೋಲ್ಟ್, ಶಾಟ್ಕಿ ಬಗೆಯದಾದರೆ ಅದರ ಅರ್ಧದಷ್ಟು. 12 ವೋಲ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ. 4 ವೋಲ್ಟಿನ ಮಾಡ್ಯೂಲಿಗೆ ಬಹಳವಾಯಿತು. ಅದಕ್ಕೇ ಮೊಬೈಲ್ ಸ್ಟಾರ್ಟರಿನಲ್ಲಿ ಡಯೋಡಿನ ಕೆಲಸವನ್ನು ಚಾರ್ಜಿಂಗ್ ಚಿಪ್ಪಿಗೆ ಒಪ್ಪಿಸುವುದು ಜಾಣತನ.

ಬ್ಯಾಟರಿ ಇರುವ ಡಬ್ಬಿಗೆ ಇನ್ನೊಂದು ಕೆಲಸವೂ ಸಿಕ್ಕಿತು. ಮೋಟರಿನ ತಾಮ್ರದ ಕೇಬಲ್ ಕದಿಯುವವನು ಜೀವಕ್ಕೆ ಹೆದರುವವನೇ, ಕರೆಂಟ್ ಇಲ್ಲದ ಹೊತ್ತು ನೋಡಿಯೇ ಬರುತ್ತಾನೆ. ಬ್ಯಾಟರಿ ಇಲ್ಲದ ಡಬ್ಬಿ ಆ ಹೊತ್ತಿಗೆ ಸರಿಯಾಗಿ ಕುರುಡು. ಬ್ಯಾಟರಿ ಇದ್ದರೆ ಕೇಬಲ್ ಕತ್ತರಿಸಿದ ಕ್ಷಣ ಫೋನ್ ಬಡಿಯುವಂತೆ ಮಾಡಬಹುದು. ಮೋಟರ್ ಶುರುಮಾಡುವ ಅನುಕೂಲಕ್ಕಿಂತ ಈ ಕಾವಲಿಗಾಗಿಯೇ ಹೆಚ್ಚು ಹಣ ಕೊಡಬಹುದು ಎಂಬುದು ನನ್ನ ಎಣಿಕೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟ್ ಬಿಟ್ಟಿ, ಕೇಬಲ್ ಬಿಟ್ಟಿಯಲ್ಲ.

ಇನ್ನು ಆ 25 ಡಿಗ್ರಿಯ ಮಾತು. ಬೀದರ ಜಿಲ್ಲೆ ಚಳಿಗಾಲದಲ್ಲಿ ರಾಜ್ಯದ ತಣ್ಣನೆಯ ಜಾಗಗಳಲ್ಲೊಂದು, ನಿಜ. ಆದರೆ ಬ್ಯಾಟರಿಯನ್ನು ಕೊಲ್ಲುವುದು ಮೇ ತಿಂಗಳು. ಹೊರಗೆ 40 ದಾಟಿದಾಗ ಔರಾದದ ಕರಿನೆಲದ ನಡುವೆ ಬಿಸಿಲಿಗೆ ಮುಖಮಾಡಿ ನಿಂತ ತಗಡಿನ ಡಬ್ಬಿಯೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯ 25ರ ಮೇಲೆ ಪ್ರತಿ 8-10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ಲಿಥಿಯಂ-ಅಯಾನ್ ಸೆಲ್ಲನ್ನು 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದು ಎಂಬುದು ಸಾಮಾನ್ಯ ನಿಯಮ. ಮಾಡಿದರೆ ಸೆಲ್ ಉಬ್ಬಬಹುದು. ಕಾರವಾನಿನವರಿಗೆ ಹಿಮದ ಭಯ, ನಮಗೆ ತಗಡಿನ ಭಯ.

ಹೊಸ ಡಬ್ಬಿ ಕೊಳ್ಳುವವರಿಗೆ, ಹಳೆಯದಕ್ಕೆ ಬ್ಯಾಟರಿ ಕೂಡಿಸುವ ಮೆಕ್ಯಾನಿಕ್ಕಿಗೆ ನಾನು ಹೇಳುವುದು ಇಷ್ಟು. ಬ್ಯಾಟರಿಯನ್ನು ಸ್ಟಾರ್ಟರಿನ ಡಬ್ಬಿಯೊಳಗೆ, ಬಿಸಿಯಾಗುವ ಕಾಯಿಲಿನ ಮಗ್ಗುಲಲ್ಲಿ ತುರುಕಬೇಡಿ. ಕಂಬದ ಬಳಿ, ನೆರಳಿರುವಲ್ಲಿ, ಗಾಳಿಯಾಡುವ ಬೇರೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡಿ, ವೈರಿಗೆ ಫ್ಯೂಸ್ ಹಾಕಿ. ಚಾರ್ಜಿಂಗ್ ಚಿಪ್ಪಿಗೆ ತಾಪ ನೋಡುವ ಥರ್ಮಿಸ್ಟರ್ ಇದ್ದರೆ ಅದನ್ನು ಬೋರ್ಡಿಗೆ ಅಂಟಿಸದೆ ಸೆಲ್ಲಿಗೇ ತಾಗಿಸಿ. ಸೆಲ್ಲಿನ ಮೇಲೆ ಹಾಕಿದ ತಿಂಗಳು, ವರ್ಷ ಬರೆಯಿರಿ. ಪ್ರತಿ ಯುಗಾದಿಗೆ ಮೇನ್ ಸ್ವಿಚ್ ತೆಗೆದು, ಹತ್ತು ನಿಮಿಷ ಬಿಟ್ಟು, ಮನೆಯಿಂದ ಫೋನ್ ಮಾಡಿ ನೋಡಿ. ಉತ್ತರ ಬರದಿದ್ದರೆ ಬೇಸಿಗೆಗೆ ಮೊದಲೇ ಸೆಲ್ ಬದಲಿಸಿ.