ಹಸುಗೂಸಿನ ರಿಪೋರ್ಟ್‌ನಲ್ಲಿ ‘ವೈರಸ್ ಪಾಸಿಟಿವ್’: ಏನಿದರ ಅರ್ಥ?

ಕೊರೊನಾ ಕಾಲದಲ್ಲಿ, 2021ರಲ್ಲಿ, ಮಹಾರಾಷ್ಟ್ರದಿಂದ ಆಳಂದ ತಾಲ್ಲೂಕಿನ ಹಿರೋಳ್ಳಿ ಕಡೆ ಗಡಿ ದಾಟಲು ನೆಗೆಟಿವ್ ರಿಪೋರ್ಟ್ ಬೇಕಿತ್ತು. ನೆಗೆಟಿವ್ ಅಂದ್ರೆ ಸರಿ, ಪಾಸಿಟಿವ್ ಅಂದ್ರೆ ರೋಗ ಎಂಬ ಲೆಕ್ಕ ನಮಗೆಲ್ಲ ರೂಢಿಯಾಗಿದ್ದು ಆಗಲೇ. ಆದರೆ ಆಗತಾನೆ ಹುಟ್ಟಿದ ಕೂಸಿಗೆ ಈ ಲೆಕ್ಕ ಸಾಲದು.

ಪಾಸಿಟಿವ್ ಅಂದ್ರೆ ಕೂಸಿಗೆ ರೋಗ ಖಚಿತವೇ?

ಯಾವ ಟೆಸ್ಟ್ ಎಂಬುದರ ಮೇಲೆ ಹೋಗುತ್ತದೆ. ಕೆಲವು ಟೆಸ್ಟ್‌ಗಳು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತವೆ. ‘ಐಜಿಜಿ’ ಪ್ರತಿಕಾಯ ತಾಯಿಯಿಂದ ಮಾಸಿನ ಮೂಲಕ ಕೂಸಿಗೆ ಬರುತ್ತದೆ. ಹಾಗಾಗಿ ಐಜಿಜಿ ಪಾಸಿಟಿವ್ ಎಂದರೆ ಅದು ತಾಯಿಯದೇ ಇರಬಹುದು. ಎಚ್‌ಐವಿ ಇರುವ ತಾಯಿಯ ಕೂಸಿಗೆ 18 ತಿಂಗಳವರೆಗೆ ಪ್ರತಿಕಾಯದ ಟೆಸ್ಟ್ ಒಂದನ್ನೇ ನಂಬದಿರುವುದು ಇದೇ ಕಾರಣಕ್ಕೆ. 6 ವಾರಕ್ಕೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಬೇರೆ ಟೆಸ್ಟ್ ಮಾಡುತ್ತಾರೆ. ‘ಐಜಿಎಂ’ ಸಾಮಾನ್ಯವಾಗಿ ಮಾಸು ದಾಟುವುದಿಲ್ಲ. ಅದು ಪಾಸಿಟಿವ್ ಇದ್ದರೆ ಕೂಸಿಗೇ ಸೋಂಕು ಇರಬಹುದು, ಆದರೂ ಖಚಿತಪಡಿಸಿಕೊಳ್ಳಬೇಕು.

ಪಿಸಿಆರ್ ಟೆಸ್ಟ್ ವೈರಸ್ಸಿನ ಅಂಶವನ್ನೇ ಹುಡುಕುತ್ತದೆ. ಆದರೂ ಮೂಗಿನಲ್ಲಿ ಸಿಕ್ಕ ನೆಗಡಿ ವೈರಸ್ಸೇ ಕೂಸಿನ ತೊಂದರೆಗೆ ಕಾರಣ ಎನ್ನಲಾಗದು. ಯಾವಾಗ ಟೆಸ್ಟ್ ಮಾಡಿದರು ಎಂಬುದೂ ಮುಖ್ಯ. ಸಿಎಂವಿ ವೈರಸ್ ಹುಟ್ಟಿದ 3 ವಾರದೊಳಗೆ ಮೂತ್ರದಲ್ಲಿ ಸಿಕ್ಕರೆ ಗರ್ಭದಲ್ಲೇ ಬಂದದ್ದು ಎನ್ನಬಹುದು. ಆಮೇಲೆ ಸಿಕ್ಕರೆ ಹುಟ್ಟಿದ ಮೇಲೆ ತಗುಲಿದ್ದೂ ಇರಬಹುದು.

ವೈರಸ್ ಸಿಕ್ಕಿತಲ್ಲ, ಆ್ಯಂಟಿಬಯೋಟಿಕ್ ಯಾಕೆ?

ಹೆಚ್ಚು ಅಪಾಯ ಇರುವುದು ಈ ಮಾತಿನಲ್ಲೇ. ಆ್ಯಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ, ನಿಜ. ಆದರೆ ವೈರಸ್ ಇರುವ ಕೂಸಿಗೆ ಬ್ಯಾಕ್ಟೀರಿಯಾ ಸೋಂಕೂ ಇರಬಹುದು. ರಕ್ತದ ಸೋಂಕು ಹಸುಗೂಸಿನ ಜೀವಕ್ಕೆ ಕೆಲವೇ ಗಂಟೆಗಳಲ್ಲಿ ಕುತ್ತು ತರಬಲ್ಲದು. ಅದಕ್ಕೇ ಬ್ಲಡ್ ಕಲ್ಚರ್ ವರದಿ ಬರುವ ತನಕ ವೈದ್ಯರು ಇಂಜೆಕ್ಷನ್ ಮುಂದುವರಿಸಬಹುದು. ‘ಬರೀ ವೈರಸ್ಸು’ ಅಂದುಕೊಂಡು ಕೂಸನ್ನು ಬಿಡಿಸಿಕೊಂಡು ಬರಬೇಡಿ.

ನೀವು ಮಾಡಬೇಕಾದ್ದು

ವೈದ್ಯರಿಗೆ ಮೂರು ಪ್ರಶ್ನೆ ಕೇಳಿ: ಇದು ಯಾವ ಟೆಸ್ಟ್? ಕೂಸಿನ ಲಕ್ಷಣಕ್ಕೂ ಇದಕ್ಕೂ ಹೊಂದುತ್ತದೆಯೇ? ಮತ್ತೆ ಟೆಸ್ಟ್ ಬೇಕೇ? ವೈದ್ಯರು ಹೇಳದೆ ಎದೆಹಾಲು ನಿಲ್ಲಿಸಬೇಡಿ.

ಕೂಸು ಹಾಲು ಕುಡಿಯದಿದ್ದರೆ, ಮೈ ಬಿಸಿಯಾದರೆ ಇಲ್ಲವೇ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಮಂಕಾದರೆ, ಫಿಟ್ಸ್ ಬಂದರೆ ರಿಪೋರ್ಟ್‌ಗಾಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ. ಟೆಸ್ಟ್ ನೆಗೆಟಿವ್ ಇದ್ದರೂ ಸರಿಯೇ.