‘ನಮ್ಮ ಮನಿಯಾಗ ಯಾರಿಗೂ ಇಲ್ರೀ’: ಕ್ಯಾನ್ಸರ್ ವಂಶಾವಳಿಯಲ್ಲಿ ಕಾಣೆಯಾದ ಅತ್ತೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೋದರೆ ಕಮಲಾಪುರ ಸಿಗುತ್ತೆ. ಕೆಂಪು ಬಾಳೆಯ ಊರು, ಆ ಬಾಳೆಗೆ ಜಿಐ ಟ್ಯಾಗ್ ಕೂಡ ಇದೆ. ನನ್ನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯನ ಮನೆ ಅಲ್ಲೇ. ಕಳೆದ ವರ್ಷ ಅವನ ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಕೆಗೆ 38 ವರ್ಷ. ಕಲಬುರಗಿಯ ಆಸ್ಪತ್ರೆಗೆ ಮೊದಲ ಸಲ ಹೋದಾಗ ನಾನೂ ಜೊತೆಗಿದ್ದೆ. “ಮನೆಯಲ್ಲಿ ಬೇರೆ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?” ಅಂತ ಡಾಕ್ಟರ್ ಕೇಳಿದರು. ಅವರ ಅಪ್ಪ ತಡಮಾಡದೆ “ನಮ್ಮ ಮನಿಯಾಗ ಯಾರಿಗೂ ಇಲ್ರೀ” ಅಂದರು. ಫೈಲಿನಲ್ಲಿ ‘ಇಲ್ಲ’ ಅಂತ ದಾಖಲಾಯಿತು.

ಎರಡು ವಾರ ಬಿಟ್ಟು ಕಮಲಾಪುರದ ಮನೆಯಲ್ಲಿ ಚಹಾ ಕುಡೀತಾ ಕೂತಿದ್ದೆವು. ಗೆಳೆಯನ ಅಜ್ಜಿ ಮೂಲೆಯಿಂದ ಹೇಳಿದರು: “ನನ್ನ ಮಗಳೂ ಹಿಂಗೇ ಸೊರಗಿ ಸೊರಗಿ ಹೋದ್ಳಪಾ. ಹೊಟ್ಟ್ಯಾಗ ನೀರು ತುಂಬಿತ್ತು.” ಅಜ್ಜಿ ಹೇಳ್ತಿದ್ದದ್ದು ಗೆಳೆಯನ ಸೋದರತ್ತೆಯ ಬಗ್ಗೆ. 18 ವರ್ಷದ ಹಿಂದೆ, 42ನೇ ವಯಸ್ಸಿನಲ್ಲಿ ತೀರಿಕೊಂಡವರು. ಟ್ರಂಕಿನ ತಳದಲ್ಲಿ ಅವರ ಆಸ್ಪತ್ರೆ ಕಾಗದ ಇನ್ನೂ ಇತ್ತು. ಮನೆಯವರೆಲ್ಲ ‘ಹೊಟ್ಟಿ ಬ್ಯಾನಿ’ ಅಂತ ನೆನಪಿಟ್ಟುಕೊಂಡಿದ್ದ ಕಾಯಿಲೆಗೆ ಆ ಕಾಗದದಲ್ಲಿದ್ದ ಹೆಸರು ಅಂಡಾಶಯದ ಕ್ಯಾನ್ಸರ್.

ಅಪ್ಪ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಹೊಟ್ಟೆ ಬೇರೆ, ಎದೆ ಬೇರೆ. ಅದಕ್ಕಿಂತ ಮುಖ್ಯವಾಗಿ, ತಂಗಿ ಮದುವೆ ಮಾಡಿಕೊಟ್ಟ ಹೆಣ್ಣು. ‘ನಮ್ಮ ಮನಿ’ ಅಂದಾಗ ಆಕೆ ಅದರೊಳಗೆ ಬರೋದೇ ಇಲ್ಲ.

ಆದರೆ ವಂಶವಾಹಿಗೆ ಈ ಲೆಕ್ಕ ಗೊತ್ತಿಲ್ಲ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ದಿನಾ ಮುರಿಯುತ್ತಿರುತ್ತೆ, ರಿಪೇರಿಯೂ ಆಗುತ್ತಿರುತ್ತೆ. ಆ ರಿಪೇರಿಗೆ ಬೇಕಾದ ಎರಡು ಮುಖ್ಯ ವಂಶವಾಹಿಗಳು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. 1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮೊದಲನೆಯದು 17ನೇ ವರ್ಣತಂತುವಿನಲ್ಲಿದೆ ಅಂತ ತೋರಿಸಿದರು. 1994 ಮತ್ತು 1995ರಲ್ಲಿ ಎರಡೂ ಪತ್ತೆಯಾದವು. ಪ್ರತಿಯೊಂದರದ್ದೂ ಎರಡು ಪ್ರತಿ ನಮ್ಮಲ್ಲಿರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಬಾವಿಗೆ ಎರಡು ಮೋಟರ್ ಇಟ್ಟ ಹಾಗೆ. ಕೆಲವರು ಹುಟ್ಟುವಾಗಲೇ ಒಂದು ಮೋಟರ್ ಸುಟ್ಟುಹೋಗಿರುತ್ತೆ. ಇನ್ನೊಂದು ನಡೀತಿರೋ ತನಕ ಏನೂ ಗೊತ್ತಾಗಲ್ಲ. ಎದೆಯಲ್ಲೋ ಅಂಡಾಶಯದಲ್ಲೋ ಒಂದು ಜೀವಕೋಶದಲ್ಲಿ ಎರಡನೆಯದೂ ಕೆಟ್ಟರೆ ಅಲ್ಲಿ ರಿಪೇರಿ ನಿಂತು, ಕ್ಯಾನ್ಸರಿಗೆ ದಾರಿಯಾಗುತ್ತೆ.

ಕೆಂಪು ಬಾಳೆಯ ಕಂದು ನೆಟ್ಟರೆ ತಾಯಿಗಿಡದಲ್ಲಿದ್ದದ್ದೆಲ್ಲ ಹಾಗೇ ಬರುತ್ತೆ. ಮನುಷ್ಯರಲ್ಲಿ ಹಾಗಲ್ಲ. ಕೆಟ್ಟ ಪ್ರತಿ ಮಗುವಿಗೆ ದಾಟುವ ಸಾಧ್ಯತೆ 50%, ಪ್ರತಿ ಹೆರಿಗೆಗೂ ಹೊಸದಾಗಿ ನಾಣ್ಯ ಚಿಮ್ಮಿದಂತೆ. ಗಂಡು ಮಗುವಿಗೂ ಅಷ್ಟೇ, ಹೆಣ್ಣು ಮಗುವಿಗೂ ಅಷ್ಟೇ. ಅಪ್ಪನಿಂದಲೂ ಬರುತ್ತೆ ಅನ್ನೋದನ್ನ ನಮ್ಮಲ್ಲಿ ಓದಿದವರೂ ಮರೀತಾರೆ. ಅಪ್ಪ ಆರೋಗ್ಯವಾಗೇ ಇರಬಹುದು, ಆದರೆ ಅವನ ತಂಗಿಯ ಕಾಯಿಲೆಗೂ ಮಗಳ ಕಾಯಿಲೆಗೂ ನಡುವಿನ ಕೊಂಡಿ ಅವನೇ. (ಗಂಡಸರೂ ಪೂರ್ತಿ ಸುರಕ್ಷಿತರಲ್ಲ. ಬಿಆರ್‌ಸಿಎ2 ದೋಷ ಇದ್ದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹೆಚ್ಚು.)

ಎಷ್ಟು ಅಪಾಯ? ಭಾರತದಲ್ಲಿ ಸಾಮಾನ್ಯವಾಗಿ ಸುಮಾರು 29 ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಬಿಆರ್‌ಸಿಎ1 ದೋಷ ಇರುವವರಿಗೆ 80 ವರ್ಷದೊಳಗೆ ಅದು ಬರುವ ಸಾಧ್ಯತೆ 72%, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ 44%. ಬಿಆರ್‌ಸಿಎ2 ಆದರೆ 69% ಮತ್ತು 17%. ಇವು 2017ರಲ್ಲಿ ಪ್ರಕಟವಾದ ಅಂಕಿ, ಬಹುಪಾಲು ಯುರೋಪ್ ಮೂಲದ ಕುಟುಂಬಗಳದ್ದು. ನಮ್ಮವರಿಗೆ ಇದೇ ಶೇಕಡಾವಾರು ಅಂತ ಕಣ್ಣುಮುಚ್ಚಿ ಒಪ್ಪಬೇಕಿಲ್ಲ, ಆದರೆ ಅಂತರ ಎಷ್ಟು ದೊಡ್ಡದು ಅಂತ ಅರ್ಥವಾಗೋಕೆ ಸಾಕು. ಹಾಗಂತ ಎಲ್ಲ ಸ್ತನ ಕ್ಯಾನ್ಸರೂ ವಂಶಪಾರಂಪರ್ಯ ಅಲ್ಲ. ದೇಶದಲ್ಲಿ 2022ರಲ್ಲಿ ಅಂದಾಜು 1.9 ಲಕ್ಷ ಹೊಸ ಪ್ರಕರಣಗಳಿದ್ದವು. ಸಾಮಾನ್ಯವಾಗಿ ಇಂಥವುಗಳಲ್ಲಿ 5ರಿಂದ 10% ಮಾತ್ರ ಹುಟ್ಟಿನಿಂದ ಬಂದ ದೋಷದ್ದು.

ನಮ್ಮ ರಾಜ್ಯದ್ದೇ ಒಂದು ಅಧ್ಯಯನ ಇದೆ, ಯಾಕೋ ಅದರ ಬಗ್ಗೆ ಯಾರೂ ಮಾತಾಡಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ಕಿದ್ವಾಯಿ ಸಂಸ್ಥೆಯ ಗೀತಶ್ರೀ ಮುಖರ್ಜಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ಕುಟುಂಬದಲ್ಲಿ ಕ್ಯಾನ್ಸರ್ ಇತಿಹಾಸ ಇದ್ದ ದಕ್ಷಿಣ ಭಾರತದ 61 ರೋಗಿಗಳನ್ನ ಪರೀಕ್ಷಿಸಿದಾಗ 17 ಮಂದಿಯಲ್ಲಿ ಬಿಆರ್‌ಸಿಎ ದೋಷ ಸಿಕ್ಕಿತು. ಅದರಲ್ಲಿ 10 ಮಂದಿಯದ್ದು ಒಂದೇ ದೋಷ: 185ಡೆಲ್‌ಎಜಿ.

ಈ ಹೆಸರು ನೋಡಿ ಗಾಬರಿ ಬೇಡ. ವಂಶವಾಹಿಯ ಶುರುವಿನಲ್ಲೇ ಎರಡು ಅಕ್ಷರ, ಎ ಮತ್ತು ಜಿ, ಅಳಿಸಿಹೋಗಿವೆ ಅಂತ ಅರ್ಥ. ಜೀವಕೋಶ ಈ ಬರಹವನ್ನ ಮೂರು ಮೂರು ಅಕ್ಷರ ಸೇರಿಸಿ ಓದುತ್ತೆ. ‘ಕಮಲ ಅವಳ ಮನೆಗೆ ಬರಲಿ’ ಅನ್ನೋ ವಾಕ್ಯದಿಂದ ‘ಅವ’ ಅಳಿಸಿ, ಮತ್ತೆ ಮೂರು ಮೂರಾಗಿ ಓದಿ: ‘ಕಮಲ ಳಮನೆ ಗೆಬರ ಲಿ’. ಅಳಿಸಿದ್ದು ಎರಡೇ, ಕೆಟ್ಟದ್ದು ಮುಂದಿನದ್ದೆಲ್ಲ. 1863 ಕೊಂಡಿಗಳ ಪ್ರೋಟೀನ್ ತಯಾರಾಗಬೇಕಿದ್ದ ಕಡೆ 39ನೇ ಜಾಗದಲ್ಲೇ ‘ನಿಲ್ಲು’ ಅನ್ನೋ ಸೂಚನೆ ಬಂದುಬಿಡುತ್ತೆ.

ಇದೇ ದೋಷ ಅಶ್ಕೆನಾಜಿ ಯಹೂದಿಗಳಲ್ಲಿ ಬಹಳ ಹೆಚ್ಚು. ಅವರಲ್ಲಿ ಸುಮಾರು 40 ಮಂದಿಗೆ ಒಬ್ಬರು ಇಂಥ ಮೂರು ದೋಷಗಳಲ್ಲಿ ಒಂದನ್ನ ಹೊತ್ತಿರುತ್ತಾರೆ. ಸಣ್ಣ ಗುಂಪು, ಒಳಗೊಳಗೇ ಮದುವೆ, ಯಾವನೋ ಪೂರ್ವಜನ ತಪ್ಪು ನಕಲು ನೂರಾರು ವರ್ಷ ಗುಂಪಿನೊಳಗೇ ಸುತ್ತಿತು. ವಾಟ್ಸಾಪ್ ಇತಿಹಾಸಕಾರರು ಇಲ್ಲೊಂದು ‘ನಂಟು’ ಹುಡುಕೋ ಮೊದಲೇ ಹೇಳಿಬಿಡ್ತೀನಿ. 2007ರಲ್ಲಿ ಒಂದು ಭಾರತೀಯ ಕುಟುಂಬದ ಡಿಎನ್‌ಎ ಹೋಲಿಸಿ ನೋಡಿದಾಗ, ಅವರಲ್ಲಿ ಇದೇ ದೋಷ ಸ್ವತಂತ್ರವಾಗಿ ಹುಟ್ಟಿದ್ದು ಅಂತ ಕಂಡುಬಂತು.

ನಂಟಿಗಿಂತ ನಾವು ನೋಡಬೇಕಾದ್ದು ಒಳಮದುವೆಯನ್ನ. ಜಾತಿಯೊಳಗೇ, ಉಪಪಂಗಡದೊಳಗೇ ಮದುವೆಯಾಗುವ ನಾವೂ ಸಾವಿರಾರು ಸಣ್ಣ ಗುಂಪುಗಳ ದೇಶವೇ. ಒಂದೊಂದು ಗುಂಪಿನಲ್ಲಿ ಒಂದೊಂದು ದೋಷ ಮಡುಗಟ್ಟಿರಬಹುದು. ಗೆಳೆಯನ ಅವ್ವ ಕೇಳಿದ್ದೂ ಇದನ್ನೇ: “ಸಂಬಂಧದಾಗ ಮದುವಿ ಮಾಡಿಕೊಂಡಿದ್ದಕ್ಕ ಬಂತೇನಪಾ?” ಇಲ್ಲ. ಈ ಅಪಾಯಕ್ಕೆ ಒಂದೇ ಕೆಟ್ಟ ಪ್ರತಿ ಸಾಕು, ಗಂಡ ಸೋದರಮಾವನಾದರೂ ಹೊರಗಿನವನಾದರೂ ಅದು ದಾಟುವುದು 50%ಕ್ಕೇ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಮಾತ್ರ ಸಂಬಂಧದ ಮದುವೆಯಲ್ಲಿ ಹೆಚ್ಚು. ಬಿಆರ್‌ಸಿಎ2ರ ಎರಡೂ ಪ್ರತಿ ಕೆಟ್ಟ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಅನ್ನೋ ಗಂಭೀರ ರಕ್ತದ ಕಾಯಿಲೆ ಬರುತ್ತೆ.

ಅಕ್ಕನ ಪರೀಕ್ಷೆ ಆಯಿತು. ಬಿಆರ್‌ಸಿಎ1 ದೋಷ. ಆಮೇಲೆ ಅಪ್ಪನ ರಕ್ತದಲ್ಲೂ ಅದೇ ಸಿಕ್ಕಿತು. ಪರೀಕ್ಷೆಯನ್ನ ಯಾವಾಗಲೂ ಕಾಯಿಲೆ ಬಂದವರಿಂದ ಶುರು ಮಾಡಬೇಕು. ಖಾಸಗಿ ಲ್ಯಾಬಿನಲ್ಲಿ ಇಡೀ ಪರೀಕ್ಷೆಗೆ 15-20 ಸಾವಿರದ ಆಸುಪಾಸು ಆಗುತ್ತೆ. ದೋಷ ಎಲ್ಲಿದೆ ಅಂತ ಒಮ್ಮೆ ಗೊತ್ತಾದರೆ ಉಳಿದವರಿಗೆ ಆ ಒಂದು ಜಾಗ ಮಾತ್ರ ನೋಡಿದರೆ ಸಾಕು, ಖರ್ಚು ಬಹಳ ಕಡಿಮೆ. ಗೊತ್ತಾಗಿ ಮಾಡೋದೇನು ಅಂತ ಕೇಳಬೇಡಿ, ಮಾಡೋಕೆ ಬೇಕಾದಷ್ಟಿದೆ. 25ರಿಂದ ಎದೆಯ ಎಂಆರ್‌ಐ, 30ರ ನಂತರ ಮ್ಯಾಮೊಗ್ರಾಂ. ಅಂಡಾಶಯದ ಕ್ಯಾನ್ಸರನ್ನ ಬೇಗ ಹಿಡಿಯುವ ನಂಬಿಕಸ್ಥ ತಪಾಸಣೆ ಇಲ್ಲ. ಹಾಗಾಗಿ ಬಿಆರ್‌ಸಿಎ1 ಇರುವವರಿಗೆ, ಮಕ್ಕಳಾದ ಮೇಲೆ, 35-40ರ ನಡುವೆ ಅಂಡಾಶಯ ಮತ್ತು ನಾಳ ತೆಗೆಸುವ ಸಲಹೆ ಕೊಡ್ತಾರೆ. ಅಂಡಾಶಯದ ಕ್ಯಾನ್ಸರಿನ ಅಪಾಯ ಅದರಿಂದ ಸುಮಾರು 80% ಇಳಿಯುತ್ತೆ. 42ಕ್ಕೆ ಹೋದ ಅತ್ತೆಯ ವಯಸ್ಸು ನೆನಪಿಸಿಕೊಳ್ಳಿ.

ಸರ್ಕಾರ ಎಲ್ಲಿದೆ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ವಿನ್ಯಾಸವೇ ಆಸ್ಪತ್ರೆಗೆ ದಾಖಲಾದ ರೋಗಿಯ ಸುತ್ತ. ಆರೋಗ್ಯವಾಗಿರುವ ತಂಗಿ ಅದರೊಳಗೆ ಕೂರೋದಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 30 ದಾಟಿದವರಿಗೆ ತುಂಬುವ ಸಿಬ್ಯಾಕ್ ನಮೂನೆ ಇದೆ. ತಂದೆತಾಯಿ, ಒಡಹುಟ್ಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗ ಇತ್ತಾ ಅಂತ ಅದು ಕೇಳುತ್ತೆ. ಎದೆಯಲ್ಲಿ ಗಂಟು ಇದೆಯಾ ಅಂತಲೂ ಕೇಳುತ್ತೆ. ಕುಟುಂಬದಲ್ಲಿ ಕ್ಯಾನ್ಸರ್ ಇತ್ತಾ ಅಂತ ಕೇಳಲ್ಲ. ಒಂದು ಸಾಲು ಸೇರಿಸೋಕೆ ಯಾವ ಲ್ಯಾಬೂ ಬೇಡ: ‘ಅಪ್ಪನ ಕಡೆ, ಅಮ್ಮನ ಕಡೆ, ಕೊಟ್ಟ ಹೆಣ್ಣುಮಕ್ಕಳೂ ಸೇರಿ, ಎದೆ ಗಂಟು ಅಥವಾ ಹೊಟ್ಟೆಯಲ್ಲಿ ನೀರು ತುಂಬಿ 50ರೊಳಗೆ ಯಾರಾದರೂ ಹೋಗಿದ್ದಾರಾ?’ ಆಶಾಗಳ ತಲೆ ಮೇಲೆ ಇನ್ನೊಂದು ಕೆಲಸ ಹೇರೋದು ನ್ಯಾಯವಾ ಅಂತ ಕೇಳಿದರೆ, ಕೆಲಸ ಕೊಡಿ, ಜೊತೆಗೆ ದುಡ್ಡೂ ಕೊಡಿ ಅಂತೀನಿ. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದವರು ಅವರು. ಕಿದ್ವಾಯಿಯ ಕೇಂದ್ರ ಕಲಬುರಗಿಯಲ್ಲೂ ಇದೆ. ಇಂಥ ಪ್ರತಿ ಕೇಂದ್ರದಲ್ಲೂ ಮನೆಯವರ ಭಾಷೆಯಲ್ಲಿ ಕೂತು ವಂಶಾವಳಿ ಬರೆಯುವ ಒಬ್ಬ ಜೆನೆಟಿಕ್ ಕೌನ್ಸೆಲರ್ ಕಾಯಂ ಇರಬೇಕು. ವಿಮೆಯ ಭಯವೂ ಸಣ್ಣದಲ್ಲ. ಆನುವಂಶಿಕ ಕಾಯಿಲೆ ಅಂತ ಹೇಳಿ ವಿಮೆ ನಿರಾಕರಿಸೋದು ತಾರತಮ್ಯ ಅಂತ 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದನ್ನ ನೆನಪಿಟ್ಟುಕೊಳ್ಳಿ.

ಕಮಲಾಪುರದ ಆ ಮನೆಯಲ್ಲಿ ಈಗ ನಡೀತಿರೋ ಜಗಳ ಬೇರೆ. ತೀರಿಕೊಂಡ ಅತ್ತೆಗೆ ಒಬ್ಬಳು ಮಗಳಿದ್ದಾಳೆ. 26 ವರ್ಷ, ಸೊಲ್ಲಾಪುರದಲ್ಲಿ ಕೆಲಸ. ಅತ್ತೆಯಲ್ಲೂ ಇದೇ ದೋಷ ಇದ್ದಿದ್ದರೆ ಅವಳಿಗೂ ಅರ್ಧ ಸಾಧ್ಯತೆ. ಮುಂದಿನ ತಿಂಗಳು ಅವಳ ನಿಶ್ಚಿತಾರ್ಥ. “ಮದುವಿ ಮುಗೀಲಿ, ಆಮ್ಯಾಲ ಹೇಳೋಣು” ಅಂತಾರೆ ಅಪ್ಪ. ಬೀಗರ ಕಿವಿಗೆ ಬಿದ್ದರೆ ಏನಾಗುತ್ತೆ ಅನ್ನೋ ಅವರ ಭಯ ನನಗೆ ಅರ್ಥವಾಗುತ್ತೆ, ಆದರೂ ಒಪ್ಪಲಾರೆ. ಮೊದಲು ಅವಳಿಗೆ ಹೇಳಬೇಕು, ಅವಳೊಬ್ಬಳಿಗೇ. ಬೀಗರಿಗೆ ಹೇಳೋದು ಬಿಡೋದು ಅವಳಿಗೆ ಬಿಟ್ಟದ್ದು. ಹೋದ ಭಾನುವಾರ ಅಕ್ಕ ನನ್ನ ಹತ್ತಿರ ಅವಳ ನಂಬರ್ ಕೇಳಿದಳು. ಕೀಮೋ ಮುಗಿದು ಕೂದಲು ಈಗಷ್ಟೇ ಚಿಗುರ್ತಿದೆ. “ನಾನೇ ಹೇಳ್ತೀನಿ” ಅಂದಳು.